ನನ್ನ ಅಂಚು ಬಗ್ಗಿಸಿದವರು

ನಾನು ಒಂದು ಪ್ರೊಪೆಲ್ಲರ್. ಹಾಗೆಂದ ಕೂಡಲೇ ಹಡಗು, ಸಮುದ್ರ ಅಂತೆಲ್ಲ ದೊಡ್ಡದಾಗಿ ಯೋಚಿಸಬೇಡಿ. ನಾನಿರುವುದು ಒಂದು ನಿಂಬೆಹಣ್ಣಿನಷ್ಟು ಅಗಲ. ದಡದಲ್ಲಿ ನಿಂತು ರಿಮೋಟಿನಿಂದ ಓಡಿಸುವ ಪುಟ್ಟ ರೇಸ್ ದೋಣಿಯ ಬೆನ್ನಿಗೆ ಕೂತು, ನೀರನ್ನು ಹಿಂದಕ್ಕೆ ತಳ್ಳುವುದು ನನ್ನ ಕಸುಬು. ಕಸುಬಾಗಿತ್ತು ಅನ್ನಬೇಕು. ಎರಡು ರೆಕ್ಕೆಗಳಲ್ಲಿ ಈಗ ಉಳಿದಿರುವುದು ಒಂದೇ.

ಹುಟ್ಟಿದ್ದು ಎಲ್ಲೋ ಒಂದು ಎರಕದ ಕಾರ್ಖಾನೆಯಲ್ಲಿ. ಮೇಣದಲ್ಲಿ ನನ್ನ ರೂಪ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ತಾಮ್ರ ಬೆರೆತ ಲೋಹ ಸುರಿದರು. ತಣ್ಣಗಾಗಿ ಹೊರಗೆ ಬಂದಾಗ ನಾನು ಪೂರ್ತಿಯಾದೆ ಅಂದುಕೊಂಡೆ. ಎರಡು ರೆಕ್ಕೆ, ನಡುವೆ ಒಂದು ತೂತು, ಇನ್ನೇನು ಬೇಕು? ನನ್ನ ಗೊಂದಲ ಶುರುವಾದದ್ದೇ ಅಲ್ಲಿಂದ. ಪೂರ್ತಿಯಾಗುವುದು ಅಂದರೆ ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಂಗಡಿಯ ಡಬ್ಬದಲ್ಲಿ ನನ್ನಂಥವರು ಬಹಳ ಮಂದಿ ಇದ್ದರು. ಒಂದು ದಿನ ಅಕ್ಕ ತಮ್ಮ ಇಬ್ಬರು ಬಂದು ನಮ್ಮನ್ನೆಲ್ಲ ಗಾಜಿನ ಮೇಲೆ ಸುರಿದುಕೊಂಡರು. ಅಕ್ಕ ಸರ್ವಮಂಗಳಾ, ಮೈಸೂರಿನಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬ್ ಇಟ್ಟವರು. ತಮ್ಮ ಇಂದುಧರ, ಡ್ರೈವಿಂಗ್ ಸ್ಕೂಲ್ ನಡೆಸುವವರು. ಇಬ್ಬರಿಗೂ ಐವತ್ತು ದಾಟಿತ್ತು. ಜಗಳ ಮಾತ್ರ ಚಡ್ಡಿ ಲಂಗದ ಕಾಲದ್ದು.

"ಇದು ತಗೋ. ರೆಕ್ಕೆ ಚೆನ್ನಾಗಿ ತಿರುಚಿದೆ, ಒಂದ್ ಸುತ್ತಿಗೆ ಜಾಸ್ತಿ ದೂರ ಹೋಗತ್ತೆ," ಅಂದರು ತಮ್ಮ.

"ಹೋಗತ್ತೆ ಸರಿ. ತಿರುವಲ್ಲಿ ಎಂಜಿನ್ನಿಗೆ ಉಸಿರು ಕಟ್ಟತ್ತೆ. ಕಮ್ಮಿ ತಿರುಚಿದ್ದು ತಗೊಂಡ್ರೆ ಚಂಗ್ ಅಂತ ಎದ್ದು ಓಡತ್ತೆ," ಅಂದರು ಅಕ್ಕ.

"ನೇರ ದಾರೀಲಿ ಎಲ್ರೂ ನಮ್ಮನ್ನ ದಾಟ್ಕೊಂಡು ಹೋಗ್ತಾರೆ."

ನಾನು ಹೆಚ್ಚು ತಿರುಚಿದವನೂ ಅಲ್ಲ, ಕಮ್ಮಿ ತಿರುಚಿದವನೂ ಅಲ್ಲ. ಅಂಗಡಿಯವನಿಗೆ ಸಾಕಾಗಿ ನನ್ನನ್ನು ಮುಂದೆ ತಳ್ಳಿದ. ಇಬ್ಬರಿಗೂ ಬೇಕಾಗಿ ಅಲ್ಲ, ಇಬ್ಬರಿಗೂ ಬೇಡವಾಗದೆ ನಾನು ಆ ಮನೆ ಸೇರಿದೆ.

ಸೇರಿದ ಮೇಲೆ ನನಗೆ ಆದದ್ದು ಮರ್ಯಾದೆಯೋ ಅವಮಾನವೋ ಗೊತ್ತಾಗಲಿಲ್ಲ. ಸರ್ವಮಂಗಳಾ ಮೂಗಿಗೆ ಮಾಸ್ಕ್ ಕಟ್ಟಿ, ನನ್ನ ಪುಡಿ ಎದೆಗೆ ಹೋಗಬಾರದೆಂದು ನೀರಿನೊಳಗೆ ಹಿಡಿದು ಉಜ್ಜಿದರು. ಬುಡದಲ್ಲಿ ಹೆಚ್ಚಿದ್ದ ಲೋಹ ಕತ್ತರಿಸಿದರು. ರೆಕ್ಕೆಗಳನ್ನು ತೆಳ್ಳಗೆ ಮಾಡಿದರು. ಮುಂದಿನ ಅಂಚನ್ನು ಈಳಿಗೆಯಷ್ಟು ಹರಿತ ಮಾಡಿದರು. ತೆಳ್ಳನೆಯ ಕಡ್ಡಿಗೆ ಪೋಣಿಸಿ, ಯಾವ ರೆಕ್ಕೆ ಕೆಳಗೆ ಜೋಲುತ್ತದೋ ನೋಡಿ, ಎರಡೂ ಸಮ ತೂಗುವವರೆಗೆ ಅರ ಆಡಿಸಿದರು. ಚಿನ್ನದ ಹಲ್ಲಿಗೆ ಮೆರುಗು ಕೊಡುವ ಚಕ್ರದಲ್ಲೇ ನನಗೂ ಮೆರುಗು ಕೊಟ್ಟರು. ಅರ್ಧ ಮೈ ಕಳೆದುಕೊಂಡ ಮೇಲೆ, "ಈಗ ನೋಡು, ಪ್ರೊಪೆಲ್ಲರ್ ಆಯ್ತು," ಅಂದರು. ಹಾಗಾದರೆ ಅಲ್ಲಿಯವರೆಗೆ ನಾನು ಏನಾಗಿದ್ದೆ?

ಕೊನೆಗೆ ಹಿಂದಿನ ಅಂಚನ್ನು ಇಕ್ಕಳದಲ್ಲಿ ಇಷ್ಟೇ ಇಷ್ಟು ಬಗ್ಗಿಸಿದರು. ಊಟಕ್ಕೆ ಕೂತಾಗ ಸಾರು ಹರಿದು ಹೋಗದಂತೆ ಬಾಳೆಲೆಯ ಅಂಚು ಎತ್ತಿ ಹಿಡಿಯುತ್ತೀರಲ್ಲ, ಹಾಗೆ. ಆ ಬಾಗು ನೀರನ್ನು ಜಾರಲು ಬಿಡುವುದಿಲ್ಲ. ಬಾಗು ಹೆಚ್ಚಿದರೆ ವೇಗ ಹೆಚ್ಚು, ದೋಣಿಯ ಮೂತಿಯೂ ಮೇಲೇಳುತ್ತದೆ. ಬಾಗು ತೆಗೆದರೆ ದೋಣಿ ಸಾಧು, ಆದರೆ ಸೋಮಾರಿ. ನನ್ನ ಮುಂದಿನ ಕಥೆಯೆಲ್ಲ ಈ ಕೂದಲೆಳೆಯ ಬಾಗಿನದ್ದೇ.

ನನ್ನ ದೋಣಿಯ ಹೆಸರು ಹೆಜ್ಜಾರ್ಲೆ, ಕೆರೆಗೆ ಬರುವ ಜೋಲುಕೊಕ್ಕಿನ ದೊಡ್ಡ ಹಕ್ಕಿಯದು. ಆಚೆ ಈಚೆ ಎರಡು ಉದ್ದನೆಯ ತೇಲುಗಾಲು, ನಡುವೆ ಸುರಂಗ. ಓಡುವಾಗ ಸುರಂಗಕ್ಕೆ ಗಾಳಿ ನುಗ್ಗಿ ದೋಣಿಯನ್ನು ಎತ್ತುತ್ತದೆ. ಸ್ವಲ್ಪ ಎತ್ತಿದರೆ ಹಾರಿದಂತೆ ಓಡುತ್ತದೆ, ಜಾಸ್ತಿ ಎತ್ತಿದರೆ ಕಾವಲಿಯ ಮೇಲಿನ ದೋಸೆಯ ಹಾಗೆ ಮಗುಚಿಕೊಳ್ಳುತ್ತದೆ. ಪ್ರತಿ ಭಾನುವಾರ ಊರಾಚೆಯ ಕೆರೆಯಲ್ಲಿ ಇಂದುಧರ ರಿಮೋಟ್ ಹಿಡಿಯುವುದು, ಸರ್ವಮಂಗಳಾ ಪಕ್ಕದಲ್ಲಿ ನಿಂತು ನನ್ನ ಸದ್ದು ಕೇಳುವುದು. ಅವರ ತಂದೆತಾಯಿ ಹೋದ ಮೇಲೆ ಅಕ್ಕ ತಮ್ಮ ಒಟ್ಟಿಗೆ ಸೇರುತ್ತಿದ್ದದ್ದು ಆ ಕೆರೆಯ ದಡದಲ್ಲಿ ಮಾತ್ರ. ಫ್ಲಾಸ್ಕಿನ ಕಾಫಿ, ಒಂದಿಷ್ಟು ಕೋಡುಬಳೆ, ಮಿಕ್ಕಿದ್ದೆಲ್ಲ ಜಗಳ. ಎಷ್ಟು ಸುಖವಾಗಿದ್ದರು ಅಂತ ಅವರಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ನೇರ ದಾರಿಯಲ್ಲಿ ಹೆಜ್ಜಾರ್ಲೆ ಮಗುಚಿತು. ಕಾರಣ ಗಾಳಿ. ಏರಿಯ ಕಡೆಯಿಂದ ಒಂದು ಗಾಳಿ ಬೀಸಿ ಸುರಂಗದೊಳಗೆ ನುಗ್ಗಿದ್ದನ್ನು ನಾನು ಕಂಡಿದ್ದೇನೆ. ಆದರೆ ದಡದಲ್ಲಿದ್ದವರಿಗೆ ಗಾಳಿ ಕಾಣುವುದಿಲ್ಲವಲ್ಲ. ತಮ್ಮನ ಬೆರಳು ನಿಧಾನವಾಯಿತು, ವಯಸ್ಸಾಯಿತು ಅಂದುಕೊಂಡರು ಅಕ್ಕ. ಬಾಯಿ ಬಿಟ್ಟು ಹೇಳಲಿಲ್ಲ. ಊರಿಗೆಲ್ಲ ಡ್ರೈವಿಂಗ್ ಕಲಿಸುವವನಿಗೆ ನಿನ್ನ ಕೈ ಸರಿಯಿಲ್ಲ ಅಂತ ಹೇಗೆ ಹೇಳುವುದು? ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ನನ್ನನ್ನು ಕಳಚಿ, ಅಂಚಿನ ಬಾಗನ್ನು ಸ್ವಲ್ಪ ನೆಟ್ಟಗೆ ಮಾಡಿದರು. ದೋಣಿ ಸಾಧುವಾಗಲಿ, ತಮ್ಮನಿಗೆ ಮುಖಭಂಗವಾಗದಿರಲಿ ಅಂತ.

ಮುಂದಿನ ಭಾನುವಾರ ದೋಣಿ ಮಂದವಾಯಿತು. ಮಧ್ಯಾಹ್ನ ಅಕ್ಕ ಊಟ ಮಾಡಿ ಮಲಗಿದ್ದಾಗ, ಎಂಜಿನ್ನಿಗೆ ಎಣ್ಣೆ ಬಿಡುವ ನೆಪದಲ್ಲಿ ಇಂದುಧರ ಲ್ಯಾಬಿಗೆ ಬಂದರು. ನನ್ನ ಅಂಚನ್ನು ಬೆರಳಲ್ಲಿ ಸವರಿದರು. ಬಾಗು ಇಲ್ಲ. ಅಕ್ಕ ಆಗಷ್ಟೇ ಕನ್ನಡಕದ ನಂಬರ್ ಬದಲಾಯಿಸಿದ್ದರು. ಪಾಪ, ಅವಳಿಗೆ ಕಣ್ಣು ಕಾಣಿಸುತ್ತಿಲ್ಲ ಅಂದುಕೊಂಡರು. ಅವರೂ ಬಾಯಿ ಬಿಡಲಿಲ್ಲ. ಹಲ್ಲಿನ ಕೆಲಸ ಮಾಡುವವಳಿಗೆ ನಿನ್ನ ಕಣ್ಣು ಹೋಯಿತು ಅಂತ ಹೇಗೆ ಹೇಳುವುದು? ಅಕ್ಕನದೇ ಇಕ್ಕಳ ತೆಗೆದು ಬಾಗನ್ನು ಮತ್ತೆ ಬಗ್ಗಿಸಿಟ್ಟರು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಬೆಳಿಗ್ಗೆ ನೆಟ್ಟಗೆ, ಮಧ್ಯಾಹ್ನ ಡೊಂಕು. ಅಕ್ಕ ನನ್ನನ್ನು ಬೆಳಕಿಗೆ ಹಿಡಿದು, "ಮೊನ್ನೆ ತೆಗೆದಿದ್ನಲ್ಲ?" ಅಂತ ತಮ್ಮಷ್ಟಕ್ಕೇ ಕೇಳಿಕೊಂಡು ಕನ್ನಡಕ ಒರೆಸುತ್ತಿದ್ದರು. ದೋಣಿ ಒಂದು ವಾರ ಕತ್ತೆ, ಒಂದು ವಾರ ಹುಚ್ಚು ಕುದುರೆ. ದಡದಲ್ಲಿ ಇಂದುಧರ ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಅಕ್ಕನಿಗೆ ತನ್ನ ಕಣ್ಣಿನ ಮೇಲೆ ಅನುಮಾನ, ತಮ್ಮನಿಗೆ ತನ್ನ ಕೈ ಮೇಲೆ ಅನುಮಾನ. ನಿಜ ಗೊತ್ತಿದ್ದದ್ದು ನನಗೊಬ್ಬನಿಗೇ, ನನಗೋ ಬಾಯಿಲ್ಲ. ಜಗಳವೂ ನಿಂತುಹೋಯಿತು. ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡತೊಡಗಿದರು. ಅದನ್ನು ಕೇಳುವಾಗ ನನಗೆ ಭಯವಾಗುತ್ತಿತ್ತು.

ವರ್ಷದ ಕೊನೆಯ ರೇಸಿಗೆ ಮುಂಚೆ ಇಂದುಧರ ಅಂದರು, "ಈ ಸಲ ರೇಸ್ ಮುಗಿಸಕ್ಕಾಗ್ದೇ ಇದ್ರೆ ದೋಣೀನ ರೇಸ್ ನಡೆಸೋ ಕ್ಲಬ್ಬಿಗೆ ಕೊಟ್ಬಿಡೋಣ ಕಣಕ್ಕ."

ಅಕ್ಕ ಕಾಫಿ ಲೋಟ ನೋಡುತ್ತಾ, "ಹೂಂ, ಅದೇ ಸರಿ," ಅಂದರು.

ದೋಣಿ ಹೋದರೆ ಭಾನುವಾರ ಹೋದಂತೆ. ಭಾನುವಾರ ಹೋದರೆ ಇವರು ಮದುವೆ ಮನೆಗಳಲ್ಲಿ ಎದುರಾದಾಗ ಊಟ ಆಯ್ತಾ ಅಂತ ಕೇಳುವ ನೆಂಟರಾಗುತ್ತಾರೆ. ಇಬ್ಬರಿಗೂ ಅದು ಬೇಡ. ಬೇಡ ಅಂತ ಇಬ್ಬರೂ ಹೇಳಲಿಲ್ಲ. ಇದೆಂಥ ಪ್ರೀತಿಯೋ ನನಗಂತೂ ಅರ್ಥವಾಗಲಿಲ್ಲ.

ರೇಸಿನ ಬೆಳಿಗ್ಗೆ ಇಂದುಧರ ಕಾರಿನ ಹಿಂದೆ ಕೂತು ನನ್ನ ಎರಡೂ ರೆಕ್ಕೆಗಳಿಗೆ ಗಟ್ಟಿಯಾಗಿ ಬಾಗು ಕೊಟ್ಟರು. ಅವರು ಹೆಸರು ಬರೆಸಲು ಅತ್ತ ಹೋದದ್ದೇ ತಡ, ಅಕ್ಕ ನನ್ನ ಬೋಲ್ಟು ಬಿಗಿ ಮಾಡುವವರ ಹಾಗೆ ಕೂತು ಇಕ್ಕಳ ತೆಗೆದರು. ಎರಡೂ ರೆಕ್ಕೆಗಳನ್ನು ಒಂದೊಂದು ಸಲ ಒತ್ತಿದ್ದರು, ಅಷ್ಟರಲ್ಲಿ ತಮ್ಮನ ಚಪ್ಪಲಿಯ ಸದ್ದು ಕೇಳಿಸಿತು. ಇಕ್ಕಳ ಸೆರಗಿನ ಕೆಳಗೆ ಹೋಯಿತು. ನಾನು ಅರ್ಧ ಡೊಂಕು, ಅರ್ಧ ನೆಟ್ಟಗೆ ನೀರಿಗೆ ಇಳಿದೆ.

ಆಮೇಲೆ ಆದದ್ದನ್ನು ಹೇಳಲು ನನಗೆ ಸಂತೋಷ. ಹೆಜ್ಜಾರ್ಲೆ ಅಂಥ ಓಟವನ್ನು ಎಂದೂ ಓಡಿರಲಿಲ್ಲ. ನೇರ ದಾರಿಯಲ್ಲಿ ನೀರಿನ ಮೇಲೆ ಬರೀ ಗೀಚಿದಂತೆ ಹೋಯಿತು, ತಿರುವಿನಲ್ಲಿ ಅಂಟಿಕೊಂಡಿತು. ಒಂದೊಂದೇ ದೋಣಿ ಹಿಂದೆ ಬಿತ್ತು. ನಾವು ಮುಂದೆ. ದಡದಲ್ಲಿ ಅಕ್ಕ ಸರಿದು ಸರಿದು ನೀರಿನ ಅಂಚಿಗೇ ಬಂದಿದ್ದರು. ನನ್ನ ಬಾಳಿನಲ್ಲಿ ಗೊಂದಲವಿಲ್ಲದ ಹೊತ್ತು ಅದೊಂದೇ. ಕೊನೆಯ ಸುತ್ತಿನಲ್ಲಿ ನನ್ನ ಒಂದು ರೆಕ್ಕೆಯೊಳಗೆ ಏನೋ ಚಿಟ್ ಅಂದಿತು. ರೆಕ್ಕೆ ಮುರಿದು ಕೆರೆಯ ಕೆಸರು ಸೇರಿತು. ಎಂಜಿನ್ ಗೋಳೋ ಅಂತ ಅರಚಿ ನಿಂತಿತು. ಉಳಿದ ದೋಣಿಗಳು ನಮ್ಮನ್ನು ದಾಟಿ ಹೋದವು.

ತೆಪ್ಪದಲ್ಲಿ ನಮ್ಮನ್ನು ದಡಕ್ಕೆ ತಂದರು. "ಆಯ್ತು ಬಿಡು, ಕ್ಲಬ್ಬಿನವರಿಗೆ ಹೇಳ್ಬಿಡ್ತೀನಿ," ಅಂತ ಇಂದುಧರ ಎದ್ದರು. ಸರ್ವಮಂಗಳಾ ನನ್ನನ್ನು ಕಳಚಿ, ಚೀಲದಲ್ಲಿದ್ದ ಲ್ಯಾಬಿನ ಭೂತಗನ್ನಡಿ ಕಣ್ಣಿಗೆ ಹಾಕಿಕೊಂಡು, ಮುರಿದ ಜಾಗವನ್ನೇ ನೋಡುತ್ತಾ ಕೂತರು. ಹಲ್ಲಿನ ಸೆಟ್ಟಿನ ಕೊಕ್ಕೆ ತಂತಿಯನ್ನು ಜನ ಮನೆಯಲ್ಲೇ ಒಮ್ಮೆ ಬಿಗಿ, ಒಮ್ಮೆ ಸಡಿಲ ಮಾಡಿಕೊಂಡು ಮುರಿದು ತರುತ್ತಾರೆ. ಅವರಿಗೆಲ್ಲ ದಿನಾ ಬೈಯುವವರು ಇವರೇ. ಆ ಮುರಿತದ ಗುರುತು ಇವರಿಗೆ ಹೊಸದಲ್ಲ.

"ಇಂದೂ, ಇಲ್ಲಿ ಬಾ. ಇದು ಏಟು ಬಿದ್ದು ಮುರಿದಿದ್ದಲ್ಲ. ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ಸೋತು ಮುರಿದಿರೋದು."

ತಮ್ಮ ಬಂದು ಮುರಿದ ಜಾಗವನ್ನು ಬೆರಳಲ್ಲಿ ಸವರಿದರು.

"ನಾನು ಒಂದೇ ಕಡೆಗೆ ಬಗ್ಗಿಸ್ತಿದ್ದೆ," ಅಂದರು ಅಕ್ಕ.

ಇಂದುಧರ ಅಲ್ಲೇ ಹುಲ್ಲಿನ ಮೇಲೆ ಕೂತರು. "ಇನ್ನೊಂದ್ ಕಡೆಗೆ ನಾನು ಕಣಕ್ಕ."

"ಯಾಕೋ?"

"ನಿಂಗೆ ಕಣ್ಣು ಕಾಣಿಸ್ತಿಲ್ಲ ಅಂತ. ಹೇಳಿದ್ರೆ ನೊಂದ್ಕೋತೀಯ ಅಂತ. ನೀನ್ಯಾಕೆ ತೆಗೀತಿದ್ದೆ?"

"ನಿನ್ ಕೈ ನಿಧಾನ ಆಯ್ತು ಅಂತ. ಹೇಳಿದ್ರೆ ಸಹಿಸ್ಕೊಳಲ್ಲ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ಕಣ್ಣು ಬಿಟ್ಟುಕೊಂಡು ನೋಡಿದರು. "ನನ್ ಕೈಗೇನಾಗಿದೆ?" ಅಂತ ತಮ್ಮ ಶುರು ಮಾಡಿದರು. "ನನ್ ಕಣ್ಣಿಗೇನಾಗಿತ್ತೋ?" ಅಂತ ಅಕ್ಕ. ಜಗಳ ಹತ್ತಿತು. ಮೊದಲಿನ ಹಾಗೇ, ಕೋಡುಬಳೆ ಕೈಯಲ್ಲಿ ಹಿಡಿದುಕೊಂಡೇ. ನನಗೆ ಒಂದು ರೆಕ್ಕೆ ಹೋದ ದುಃಖವೂ ಮರೆತುಹೋಯಿತು. ಮೊದಲೇ ಸುದ್ದಿ ಕಿವಿಗೆ ಬಿದ್ದಿದ್ದ ಕ್ಲಬ್ಬಿನವರು ಬಂದು ದೋಣಿಯ ವಿಷಯ ಏನು ಮಾಡಿದಿರಿ ಅಂತ ಕೇಳಿದಾಗ, "ಯಾವ ವಿಷಯ?" ಅಂದರು ಇಂದುಧರ.

ಈಗ ನಾನು ಲ್ಯಾಬಿನ ಮೇಜಿನ ಮೂಲೆಯಲ್ಲಿ, ಪ್ಲಾಸ್ಟರ್ ಹಲ್ಲುಗಳ ಪಕ್ಕದಲ್ಲಿದ್ದೇನೆ. ಮುದಿತನಕ್ಕೆ ಇದು ಕೆಟ್ಟ ಜಾಗವಲ್ಲ. ಯಾರೂ ಉಜ್ಜುವುದಿಲ್ಲ, ಬಗ್ಗಿಸುವುದಿಲ್ಲ. ಮೊನ್ನೆ ಹೊಸ ಪ್ರೊಪೆಲ್ಲರ್ ಬಂತು, ನನ್ನದೇ ತಿರುಚು. ಈ ಸಲ ಇಬ್ಬರೂ ಒಂದೇ ಮೇಜಿಗೆ ಕೂತರು. ಅಳತೆಗೆ ನನ್ನ ಉಳಿದ ರೆಕ್ಕೆಯನ್ನು ಎತ್ತಿಕೊಂಡರು. ಅವತ್ತು ಅಷ್ಟು ಚೆನ್ನಾಗಿ ಓಡಿಸಿದ ಬಾಗು ಅದು.

"ಇದು ನಿನ್ ಕೈಯದೇ ಕಣಕ್ಕ, ಎಷ್ಟು ನಯವಾಗಿದೆ ನೋಡು."

"ನಾನೆಲ್ಲಿ ಇಷ್ಟು ಬಾಗು ಬಿಡ್ತೀನೋ? ಇದು ನಿಂದು."

ಒಬ್ಬರಾದ ಮೇಲೆ ಒಬ್ಬರು ಬೆರಳಾಡಿಸಿದರು. ಇಬ್ಬರಿಗೂ ಗೊತ್ತಾಗಲಿಲ್ಲ. ನನ್ನನ್ನು ಕೇಳಿದರೂ ನಾನು ಏನೆಂದು ಹೇಳಲಿ? ಒಬ್ಬರು ಜಾಸ್ತಿ ಬಗ್ಗಿಸಿದ್ದು, ಇನ್ನೊಬ್ಬರು ಪೂರ್ತಿ ತೆಗೆಯಲಾಗದೆ ಬಿಟ್ಟದ್ದು. ಅದು ಯಾರದ್ದೆಂದು ನನಗೂ ತಿಳಿಯದು. ಅಕ್ಕ ಇಕ್ಕಳವನ್ನು ತಮ್ಮನ ಕೈಗೆ ಕೊಟ್ಟು, ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು.

"ಸಾಕಾ?" ಅಂದರು ತಮ್ಮ.

"ಇನ್ನೊಂಚೂರು," ಅಂದರು ಅಕ್ಕ.