ತೊಟ್ಟಿಗೆ ಒರಗಿದ ಕನ್ನಡಿ

"ಮೆಲ್ಲಗೆ, ದೋನ್ ಅನ್ಸೆಲ್ಮೊ, ಒಡೆದ್ಹೋದೀತು!" ನೀರು ತುಂಬಿದ ಬಕೆಟ್ಟನ್ನು ಎದೆಗವಚಿಕೊಂಡು ಪಕ್ಕದ ಮನೆಯ ಮಿಗ್ದಾಲಿಯಾ ಬಾಗಿಲಲ್ಲೇ ನಿಂತಿದ್ದಳು.

ದಿವಂಗತೆಯಾದ ಮಡದಿ ಓತಿಲಿಯಾಳ ಅಲಂಕಾರದ ಮೇಜಿನಿಂದ ಅನ್ಸೆಲ್ಮೊ ಕನ್ನಡಿಯನ್ನು ಕಳಚುತ್ತಿದ್ದ. ಮಿಗ್ದಾಲಿಯಾಳ ಗಾಜಿನ ತೊಟ್ಟಿ ಬೆಳಿಗ್ಗೆ ಬಿರುಕುಬಿಟ್ಟಿತ್ತು. ಹೊಸದು ಸಿದ್ಧವಾಗುವವರೆಗೆ ಅವಳ ಎಳೆಯ ಏಂಜೆಲ್ ಮೀನಿಗೆ ಅನ್ಸೆಲ್ಮೊ ಹವಳ ಬೆಳೆಸಿದ್ದ ತೊಟ್ಟಿಯೇ ಆಶ್ರಯ. ಆದರೆ ಅಲ್ಲಿ, ಹಣೆಯ ಮೇಲೆ ನೀಲಿ ಕಿರೀಟದಂಥ ಮಚ್ಚೆಯಿದ್ದ ಅವನ ಏಂಜೆಲ್ ಮೀನು, ಬಿಷಪ್, ಬಹುಕಾಲದಿಂದ ಏಕಾಧಿಪತ್ಯ ನಡೆಸಿತ್ತು. ಸಜಾತಿಯ ಇನ್ನೊಂದು ಮೀನನ್ನು ಅದು ಬದುಕಗೊಡುವುದಿಲ್ಲ. ತೊಟ್ಟಿಗೆ ಕನ್ನಡಿಯನ್ನು ಒರಗಿಸಿಟ್ಟರೆ ತನ್ನ ಪ್ರತಿಬಿಂಬದೊಡನೆಯೇ ಕಾದಾಡುತ್ತದೆ. ಅಷ್ಟರಲ್ಲಿ ಅತಿಥಿ ಬಂಡೆಯ ಸಂದಿಯಲ್ಲಿ ನೆಲೆಯೂರುತ್ತದೆ.

ಹಾಗೆಯೇ ಆಯಿತು. ಬಿಷಪ್ ರೆಕ್ಕೆಗಳನ್ನು ಹರಡಿ ಕನ್ನಡಿಯತ್ತ ನುಗ್ಗಿತು.

"ಗಂಡಸ್ರೆಲ್ಲ ಹೀಗೇ. ಕನ್ನಡಿ ಸಿಕ್ರೆ ಪ್ರಪಂಚಾನೇ ಮರೀತಾರೆ!" ಮಿಗ್ದಾಲಿಯಾ ನಕ್ಕಳು.

"ಓತಿಲಿಯಾ ದಿನಾ ಅದರ ಮುಂದೆ ಎಷ್ಟು ಹೊತ್ತು ಕೂರ್ತಿದ್ಲು ಅಂತ ನಿನಗೇನು ಗೊತ್ತು?"

ಓತಿಲಿಯಾ ಹೋದಮೇಲೆ ಆ ಮನೆ ನಗುವನ್ನು ಕೇಳಿರಲಿಲ್ಲ.

ಮಿಗ್ದಾಲಿಯಾ ತನ್ನ ಮೀನನ್ನು ನೋಡಲು ಪ್ರತಿದಿನ ಬೆಳಿಗ್ಗೆ ಬಿಸಿ ಬ್ರೆಡ್ಡಿನೊಡನೆ ಬರತೊಡಗಿದಳು. ಅನ್ಸೆಲ್ಮೊ ಇಬ್ಬರ ಅಳತೆಗೆ ಕಾಫಿ ಕಾಯಿಸುವುದನ್ನು ಮತ್ತೆ ರೂಢಿಸಿಕೊಂಡ. ಕ್ರಮೇಣ ಅತಿಥಿ ಸಂದಿಯಿಂದ ಹೊರಬಂದು ಬಿಷಪ್ಪಿನ ಪಕ್ಕದಲ್ಲೇ ಮೇಯತೊಡಗಿತು.

"ಇನ್ನು ಕನ್ನಡಿ ತೆಗೀಬಹುದಲ್ವಾ? ಜಗಳ ಇಲ್ಲ ಅಂದ್ರೆ ನಾನೂ ದಿನಾ ಬಂದು ನಿಮ್ಮ ತಲೆ ತಿನ್ನೋದು ತಪ್ಪತ್ತೆ."

"ಬೇಡ ಬೇಡ. ಇವನನ್ನ ನಂಬೋ ಹಾಗಿಲ್ಲ," ಎಂದ ಅನ್ಸೆಲ್ಮೊ, ಅವಳ ಮುಖ ನೋಡದೆ.

ಕೆಲವು ವಾರಗಳಲ್ಲಿ ಅವಳ ಹೊಸ ತೊಟ್ಟಿಯ ನೀರು ಹದಕ್ಕೆ ಬಂತು. ಅಂದು ಅವಳ ಕೈಯಲ್ಲಿ ಬ್ರೆಡ್ಡಿರಲಿಲ್ಲ, ಬಕೆಟ್ಟಿತ್ತು. ತನ್ನ ಮೀನನ್ನು ಹಿಡಿದು ಅದರೊಳಗೆ ಬಿಟ್ಟುಕೊಂಡಳು.

"ಕಾಫಿ ಆಗಿದೆ. ಕುಡಿದು ಹೋಗು."

"ಅಯ್ಯೋ, ಮೀನು ಬಕೆಟ್ನಲ್ಲಿದೆ, ದೋನ್ ಅನ್ಸೆಲ್ಮೊ! ಇನ್ನೊಂದು ದಿನ ಬರ್ತೀನಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಮರುದಿನ ಬೆಳಿಗ್ಗೆ ಎರಡನೆಯ ಕಪ್ಪಿಗೆ ಕಾಫಿ ಸುರಿದ ಮೇಲೆಯೇ ಅವನಿಗೆ ಅರಿವಾಯಿತು. ಕಪ್ಪನ್ನು ಹಾಗೆಯೇ ಬಿಟ್ಟು, ಕನ್ನಡಿಯನ್ನೆತ್ತಿ ಗೋಡೆಯ ಕಡೆಗೆ ಮುಖಮಾಡಿ ಇಟ್ಟ.

ಬಿಷಪ್ ಬಂಡೆಯ ಸಂದಿಗೆ ಹೋಗಿ ಇಣುಕಿತು. ಸುತ್ತು ಹಾಕಿ ಮತ್ತೆ ಇಣುಕಿತು. ಬಳಿಕ ಕನ್ನಡಿಯಿದ್ದ ಬದಿಗೆ ಬಂದು ಬರಿಯ ಗಾಜಿನ ಮುಂದೆ ನಿಶ್ಚಲವಾಗಿ ನಿಂತಿತು.

ಅನ್ಸೆಲ್ಮೊ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡು, ಬಾಗಿ, ಗಾಜಿನ ಹತ್ತಿರಕ್ಕೆ ಮುಖವನ್ನು ತಂದ. ಬಿಷಪ್ ರೆಕ್ಕೆಗಳನ್ನೆಲ್ಲ ಹರಡಿ ಅವನತ್ತ ನುಗ್ಗಿತು. ಗಾಜಿಗೆ ಬಡಿದು, ಹಿಂದೆ ಸರಿದು, ಮತ್ತೆ ನುಗ್ಗಿತು. ಅವನು ಮುಖವನ್ನು ಕದಲಿಸಲಿಲ್ಲ.