ಮೆಹರ್ ಬಾನು ಕೇಳಿದ ಗಾಲಿ

ಶ್ರೀನಿವಾಸಪುರದ ಮಂಡಿ ಬೀದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ಮಾಡುವ ಮೆಹರ್ ಬಾನುವಿಗೆ ಬಾರದ ಕೆಲಸವಿರಲಿಲ್ಲ. ಬಾರದ ಅಕ್ಷರ ಮಾತ್ರ ಒಂದಿತ್ತು. ಅದು ಳ. ಮನೆಯ ದಖ್ನಿ ಉರ್ದುವಿನಲ್ಲಿ ಆ ಅಕ್ಷರದ ಸುದ್ದಿಯೇ ಇಲ್ಲ. ಅವಳು ಆಡಿ ಬೆಳೆದ ರಾಯಲ್ಪಾಡಿನ ತೆಲುಗಿನಲ್ಲಿ ಉಂಟು, ಆದರೆ ಅಲ್ಲಿಯೂ ಗಾಳಿಗೆ ಗಾಲಿ ಎಂದೇ ಹೆಸರು. ನಲವತ್ತೈದು ವರ್ಷ ಹಾಗೇ ನಡೆದುಹೋಗಿತ್ತು, ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ಎಡವಟ್ಟಾದದ್ದು ಈ ಮೇ ತಿಂಗಳ ಒಂದು ಶನಿವಾರ.

ಸ್ಟುಡಿಯೋದ ಮೂಲೆಯಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅವಳ ಡಿಸ್ಕ್ ಪೆಟ್ಟಿಗೆ ಕೂತಿತ್ತು. ಒಳಗೆ ಎಂಟು ಹಾರ್ಡ್ ಡಿಸ್ಕು, ಹಿಂದೆ ಎರಡು ಫ್ಯಾನು, ಎರಡು ಪವರ್ ಸಪ್ಲೈ. ಸ್ಟ್ಯಾಂಡಿನ ಸಮೇತ ಎತ್ತಬೇಕಾದರೆ ನಾಲ್ಕು ಜನ ಬೇಕು. ತಾಲ್ಲೂಕಿನ ಒಂಬತ್ತು ವರ್ಷದ ಮದುವೆಗಳೆಲ್ಲ ಅದರೊಳಗಿದ್ದವು. ಆ ದಿನ ಬೆಳಗ್ಗೆ ಎಡಗಡೆಯ ಫ್ಯಾನು ನಿಂತುಹೋಯಿತು. ಇಬ್ಬರ ಕೆಲಸ ಒಬ್ಬನ ತಲೆಗೆ ಬಿತ್ತೆಂಬ ಸಿಟ್ಟಿಗೆ ಬಲಗಡೆಯದು ಊಳಿಡತೊಡಗಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪೆಟ್ಟಿಗೆ ಕಾದು, ಕೀಂ ಕೀಂ ಎಂದು ಕೂಗಿ, ತಾನಾಗಿಯೇ ಆಫ್ ಆಯಿತು. ಮತ್ತೆ ಆನ್ ಮಾಡಿದರೆ ಮತ್ತೆ ಅದೇ ಕಥೆ. ಮೆಹರ್ ಬಾನು ಟೇಬಲ್ ಫ್ಯಾನು ತಂದು ಹಿಂದೆ ಇಟ್ಟಳು. ತಗಡಿನ ಚಾವಣಿಯ ಕೆಳಗೆ ಅದು ಬಿಸಿಗಾಳಿಯನ್ನೇ ಬೀಸಿತು.

‘ಹೊಸ ಫ್ಯಾನು ಬರೋಕೆ ನಾಲ್ಕು ದಿನ ಆಗುತ್ತೆ ಮೇಡಂ’ ಎಂದ ಕೋಲಾರದ ರಿಪೇರಿಯವನು ಫೋನಿನಲ್ಲಿ. ‘ಅಲ್ಲೀತನಕ ಹಿಂದ್ಗಡೆಯಿಂದ ಚೆನ್ನಾಗಿ ಗಾಳಿ ಕೊಡಿ. ಇಲ್ಲ, ತಂಪಾಗಿರೋ ಜಾಗದಲ್ಲಿಡಿ.’

ನಾಲ್ಕು ದಿನ ಕಾಯುವ ಹಾಗಿರಲಿಲ್ಲ. ರಾಯಲ್ಪಾಡಿನ ಬಾಲ್ಯದ ಗೆಳತಿ ಶ್ಯಾಮಲಮ್ಮ ಅಂದೇ ಮಧ್ಯಾಹ್ನ ಬರುವವಳಿದ್ದಳು. ಫೆಬ್ರವರಿಯಲ್ಲಿ ಅವಳ ಮಗಳ ಮದುವೆ ನಡೆದಿತ್ತು. ಸೋದರಮಾವನಾದ ಬೈರಕೂರಿನ ವೆಂಕಟರಾಯಪ್ಪ ಊಟ ಮಾಡದೆ ಹೊರಟುಹೋದ ಎಂದು ಯಾರೋ ಕಿವಿಯೂದಿದರು. ‘ಒಬ್ಬಟ್ಟೇ ಮೂರು ತಿಂದಿದ್ದೀನಿ ಕಣಮ್ಮಾ’ ಎಂದು ಅವನು ಅತ್ತುಕೊಂಡರೂ ತಂಗಿ ನಂಬಲಿಲ್ಲ. ಚಿಕ್ಕಂದಿನಲ್ಲಿ ಬೀದಿಗೆಲ್ಲ ಕೇಳುವ ಹಾಗೆ ತೆಲುಗಿನಲ್ಲಿ ‘ಅನ್ನಾ, ಅನ್ನಾ’ ಎಂದು ಅವನ ಹಿಂದೆಯೇ ಓಡುತ್ತಿದ್ದವಳು ಮೂರು ತಿಂಗಳಿಂದ ಅವನನ್ನು ‘ಆ ಮನುಷ್ಯ’ ಎನ್ನುತ್ತಿದ್ದಳು. ಭಾನುವಾರ ಬೆಳಗ್ಗೆ ಅವನ ಹೊಸ ಮನೆಯ ಗೃಹಪ್ರವೇಶ. ಹಾಲು ಉಕ್ಕಿಸಲು ಮನೆಮಗಳು ಬರಬೇಕು. ‘ಉಂಡಿದ್ದು ಕಣ್ಣಾರೆ ಕಂಡ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ’ ಎಂದು ಶ್ಯಾಮಲಮ್ಮ ಹಟ ಹಿಡಿದಿದ್ದಳು. ಊಟದ ಪಂಕ್ತಿಯ ವಿಡಿಯೋ ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಆ ಅಣ್ಣತಂಗಿಯರ ತಟ್ಟೆಯಲ್ಲೇ ಮೆಹರ್ ಬಾನುವೂ ಉಂಡು ಬೆಳೆದವಳು.

ಆಗ ನೆನಪಾದವನು ಮುನಿಶಾಮಿ. ಪೆಟ್ಟಿಗೆಗೆ ಸ್ಟ್ಯಾಂಡು ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿಯವನು. ಮಾಲೂರಿನ ಕಡೆಯಿಂದ ಹೋದ ವರ್ಷವಷ್ಟೇ ಬಂದವನು. ತೆಲುಗು ಅವನಿಗೆ ಒಂದಕ್ಷರ ಬಾರದು. ತಗಡಿನ ಕೊಳವೆ ಮಾಡಿಸಿ ಹೊರಗಿನ ಗಾಳಿ ತರಿಸೋಣ ಎಂಬುದು ಅವಳ ಲೆಕ್ಕ. ಫೋನು ಮಾಡಿದಳು.

‘ಮುನಿಶಾಮಿ, ನಮ್ಮ ಡಬ್ಬಕ್ಕೆ ಗಾಲಿ ಬೇಕಪ್ಪಾ, ಅರ್ಜೆಂಟು.’

‘ಗಾಲಿನಾ? ಹಿಂದ್ಗಡೆಗಾ ಮುಂದ್ಗಡೆಗಾ ಅಕ್ಕಾ?’

‘ಮುಂದಿಂದ ಹಿಂದಕ್ಕೂ ಹೋಗ್ಬೇಕು. ಗಾಲಿ ಸಲೀಸಾಗಿ ಓಡಾಡ್ಬೇಕು.’

‘ಅಂಗಾದ್ರೆ ನಾಲ್ಕು ಹಾಕ್ಬೇಕಾಯ್ತದೆ.’

ನಾಲ್ಕು ಕೊಳವೆ ಎಂದುಕೊಂಡ ಮೆಹರ್ ಬಾನುವಿಗೆ ಅವನ ಧಾರಾಳತನ ಕಂಡು ಸಂತೋಷವಾಯಿತು. ‘ನಾಲ್ಕಾದ್ರೆ ಇನ್ನೂ ಚೆನ್ನ. ನಾನು ನಮಾಜು, ಊಟ ಮುಗಿಸ್ಕೊಂಡು ಬರ್ತೀನಿ. ಬಾಗಿಲು ತೆಗ್ದಿರುತ್ತೆ’ ಎಂದು ಹೇಳಿ ನೆಮ್ಮದಿಯಿಂದ ಮನೆಗೆ ಹೋದಳು.

ತಿರುಗಿ ಬಂದಾಗ ಪೆಟ್ಟಿಗೆ ಮೂಲೆಯಲ್ಲಿರಲಿಲ್ಲ. ಬಾಗಿಲ ಬಳಿ ಬಂದು ನಿಂತಿತ್ತು. ಸ್ಟ್ಯಾಂಡಿನ ಕೆಳಗೆ, ಟೊಮೆಟೊ ಕ್ರೇಟು ತಳ್ಳುವ ಟ್ರಾಲಿಯ ನಾಲ್ಕು ಕೆಂಪು ಗಾಲಿಗಳು. ಮುನಿಶಾಮಿ ಒಂದೇ ಬೆರಳಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ತೋರಿಸಿದ.

‘ಎಂಗೆ ಓಡಾಡ್ತದೆ ನೋಡಕ್ಕಾ! ಜಾಕಿ ಕೊಟ್ಟು ಎತ್ತಿ ಹಾಕಿವ್ನಿ, ಗ್ರೀಸೂ ಹಚ್ಚಿವ್ನಿ.’

ಮೆಹರ್ ಬಾನು ಜಗಳ ಶುರುಮಾಡಿದಳು. ಗಾಲಿ ಎಂದರೆ ಗಾಲಿಯಲ್ಲ, ಗಾಲಿ ಎಂದು ಅವಳು. ಗಾಲಿ ಅಂದಿದ್ದಕ್ಕೇ ಗಾಲಿ ಹಾಕಿದ್ದು ಎಂದು ಅವನು. ಕೊನೆಗೆ ಅವಳು ಬಾಯಿ ತೆರೆದು ‘ಉಫ್’ ಎಂದು ಅವನ ಮುಖಕ್ಕೇ ಊದಿದಳು.

‘ಓ, ಗಾಳಿ!’ ಎಂದ ಮುನಿಶಾಮಿ. ‘ಅಂಗಂತ ಹೇಳ್ಬಾರ್ದಾ?’

‘ಅದನ್ನೇ ಕಣೋ ಬೆಲಗಿಂದ ಹೇಲ್ತಾ ಇರೋದು!’

ಅಷ್ಟರಲ್ಲಿ ಶ್ಯಾಮಲಮ್ಮ ಗಂಡ ಕೋದಂಡರಾಮಪ್ಪನ ಜೊತೆ ಬಂದಿಳಿದಳು. ಹತ್ತು ಹೆಜ್ಜೆ ಹಿಂದೆ ವೆಂಕಟರಾಯಪ್ಪ, ತಪ್ಪು ಮಾಡದೆಯೂ ತಪ್ಪಿತಸ್ಥನ ಮುಖ ಹೊತ್ತು. ಬೇರೆ ದಾರಿ ಕಾಣದೆ ಮೆಹರ್ ಬಾನು ಪೆಟ್ಟಿಗೆ ಆನ್ ಮಾಡಿ, ಪಂಕ್ತಿ ಹುಡುಕುತ್ತಾ ವಿಡಿಯೋ ಓಡಿಸಿದಳು. ಧಾರೆ ಮುಗಿಯಿತು, ಆರತಕ್ಷತೆ ಮುಗಿಯಿತು, ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ ಎನ್ನುವಾಗ ಕೀಂ ಕೀಂ, ಕತ್ತಲು.

‘ಆ ಮನುಷ್ಯ ಉಂಡಿಲ್ಲ. ಪೆಟ್ಟಿಗೇನೇ ಹೇಳ್ತಾ ಇದೆ’ ಎಂದು ಶ್ಯಾಮಲಮ್ಮ ಎದ್ದೇಬಿಟ್ಟಳು.

ಮೆಹರ್ ಬಾನುವಿಗೆ ಅಳು ಬಂತು. ಮುನಿಶಾಮಿ ಮಾತ್ರ ಪಾಪ, ಮಾಡಿದ ಕೆಲಸ ದಂಡವಾಗಬಾರದೆಂದು ಮೆಲ್ಲಗೆ ಕೇಳಿದ. ‘ಅಲ್ಲಕ್ಕಾ, ಈಗ ಇದನ್ನ ಎಲ್ಲಿಗಾರ ತಳ್ಳೋದಿಲ್ವಾ?’

ತಂಪಾಗಿರೋ ಜಾಗದಲ್ಲಿಡಿ! ರಿಪೇರಿಯವನ ಮಾತು ನೆನಪಾಗಿ ಮೆಹರ್ ಬಾನು ಕಣ್ಣೊರೆಸಿಕೊಂಡಳು. ಬೀದಿಯ ತುದಿಯಲ್ಲೇ ಅವಳ ತಮ್ಮ ರಹೀಲನ ಮಾವಿನ ಮಂಡಿ. ಅಲ್ಲಿ ಕಾಯಿ ಹಣ್ಣು ಮಾಡುವ ತಂಪುಕೋಣೆ.

ಹೊರಟಿತು ಮೆರವಣಿಗೆ. ಮುನಿಶಾಮಿ ತಳ್ಳಿದ, ವೆಂಕಟರಾಯಪ್ಪ ಪಕ್ಕದಲ್ಲಿ ಹಿಡಿದುಕೊಂಡ, ಕೋದಂಡರಾಮಪ್ಪ ಟಿವಿಯಷ್ಟು ದೊಡ್ಡ ಮಾನಿಟರನ್ನು ಎದೆಗೆ ಅವುಚಿಕೊಂಡ, ಮೆಹರ್ ಬಾನು ಬಿಸಿಲು ಬೀಳದಂತೆ ಪೆಟ್ಟಿಗೆಗೆ ಕೊಡೆ ಹಿಡಿದಳು. ಕೊಡೆ ಕಂಡ ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈಮುಗಿದು, ‘ಯಾವ ದೇವರಪ್ಪಾ?’ ಎಂದ.

‘ದೇವರಲ್ಲ ತಾತಾ, ಮದುವೆಗಳು’ ಎಂದ ಕೋದಂಡರಾಮಪ್ಪ. ಮುದುಕ ಅದಕ್ಕೂ ಕೈಮುಗಿದ.

‘ಆಪಾ, ಏನಿದು?’ ಎಂದು ರಹೀಲ್ ಬಾಯಿಬಿಡುವ ಮೊದಲೇ ಪೆಟ್ಟಿಗೆ ತಂಪುಕೋಣೆಯೊಳಗೆ ಉರುಳಿಯಾಗಿತ್ತು. ಎರಡು ವೈರು ಎರಡು ಪ್ಲಗ್ಗಿಗೆ ಹೋದವು. ಸುತ್ತ ಬಾದಾಮಿ ಮಾವಿನ ಕ್ರೇಟುಗಳು, ಘಮಘಮ ವಾಸನೆ. ಐದು ನಿಮಿಷ, ಹತ್ತು ನಿಮಿಷ, ಹದಿನೈದು. ಪೆಟ್ಟಿಗೆ ಕೂಗಲಿಲ್ಲ. ಎಲೆ ಹಾಕಿದರು, ಉಪ್ಪು ಬಂತು, ಕೋಸಂಬರಿ ಬಂತು. ಕೋದಂಡರಾಮಪ್ಪ ಹತ್ತಿರದಿಂದ ನೋಡಲು ಮುಂದೆ ಬಂದವನು ವೈರು ಎಡವಿ ಒಂದು ಪ್ಲಗ್ಗನ್ನು ಕಿತ್ತೇಬಿಟ್ಟ. ಎಲ್ಲರೂ ಪೆಟ್ಟಿಗೆಯತ್ತ ತಿರುಗಿದರು. ಪರದೆಯ ಮೇಲೆ ಪಲ್ಯ ಮಾತ್ರ ಏನೂ ಆಗದ ಹಾಗೆ ಬರುತ್ತಲೇ ಇತ್ತು.

‘ಅದಕ್ಕೇ ಎರಡು ಪವರ್ ಸಪ್ಲೈ ಇರೋದು’ ಎಂದಳು ಮೆಹರ್ ಬಾನು, ಎದೆಯ ಮೇಲೆ ಕೈಯಿಟ್ಟು. ‘ಒಂದು ಮುನಿಸಿಕೊಂಡ್ರೂ ಇನ್ನೊಂದು ಹೊತ್ಕೊಂಡು ಹೋಗುತ್ತೆ.’

ಯಾರನ್ನೂ ಚುಚ್ಚಬೇಕೆಂದು ಅವಳು ಹೇಳಿದ್ದಲ್ಲ. ಆದರೂ ಶ್ಯಾಮಲಮ್ಮ ತಲೆ ತಗ್ಗಿಸಿದಳು. ತಲೆಯೆತ್ತಿದಾಗ ಪರದೆಯಲ್ಲಿ ವೆಂಕಟರಾಯಪ್ಪನಿದ್ದ. ಎರಡು ಒಬ್ಬಟ್ಟು ಮುಗಿಸಿ, ಸಾಕು ಸಾಕು ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದಿದ್ದ. ಹಸಿರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡ ಹೆಂಗಸೊಬ್ಬಳು, ಮುಖ ಆಕಡೆ ತಿರುಗಿಸಿ ಯಾರನ್ನೋ ಗದರುತ್ತಲೇ, ಅವನ ಕೈ ಸರಿಸಿ ಮೂರನೆಯ ಒಬ್ಬಟ್ಟು ಹಾಕಿ, ಅದರ ಮೇಲೆ ಸುಡುಸುಡು ತುಪ್ಪ ಸುರಿದು ಮುಂದೆ ಹೋದಳು.

‘ಯಾರೇ ಅದು, ಹಸಿರು ಸೀರೆ?’ ಎಂದಳು ಶ್ಯಾಮಲಮ್ಮ.

ಪರದೆಯಲ್ಲಿ ಹಸಿರು ಸೀರೆಯವಳು ಈಕಡೆ ತಿರುಗಿದಳು. ಶ್ಯಾಮಲಮ್ಮನೇ.

ಎಷ್ಟು ಸೊಗಸಾಗಿ ಮರೆತಿದ್ದಳು! ಸಾವಿರ ಎಲೆಯ ಗಡಿಬಿಡಿಯಲ್ಲಿ ಯಾರಿಗೆ ಬಡಿಸಿದೆ ಎಂದು ಅವಳು ನೋಡಿಯೇ ಇರಲಿಲ್ಲ. ಕೈಗೆ ಮಾತ್ರ ಅಣ್ಣನಿಗೆ ಎರಡು ಸಾಲದು ಎಂದು ಗೊತ್ತಿತ್ತು. ಅಣ್ಣನ ಕಡೆ ತಿರುಗಿದಳು. ಮೂರು ತಿಂಗಳು ಬಾಯಿಗೆ ಬಾರದಿದ್ದ ಮಾತು ಗೊಳೋ ಎಂದು ಹೊರಬಿತ್ತು.

‘ಅನ್ನಾ!’

ಮುನಿಶಾಮಿಗೆ ಕರುಳು ಚುರ್ ಎಂದಿತು. ಒಂದು ಸಲ ತಪ್ಪಾಗಿ ಕೇಳಿಸಿಕೊಂಡು ಬೈಸಿಕೊಂಡಿದ್ದ, ಈ ಸಲ ಸರಿಯಾಗಿಯೇ ಕೇಳಿಸಿಕೊಂಡಿದ್ದ.

‘ಅಳಬ್ಯಾಡಿ ಕಣಮ್ಮಾ’ ಎಂದ, ಬಾಗಿಲತ್ತ ಓಡುತ್ತಾ. ‘ಎದುರುಗಡೆ ಹೋಟ್ಲಲ್ಲಿ ಇನ್ನೂ ಊಟ ಐತೆ. ಎಷ್ಟು ಜನಕ್ಕೆ ಹೇಳ್ಲಿ?’

ವೆಂಕಟರಾಯಪ್ಪ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡೇ ಲೆಕ್ಕ ಹಾಕಿದ. ‘ಆರು ಎಲೆ ಹಾಕ್ಸಪ್ಪಾ, ನಿಂದೂ ಸೇರಿ’ ಎಂದ. ‘ಮೆಹರ್, ಕ್ಯಾಮೆರಾ ತಗೊಂಡೇ ಬಾರಮ್ಮಾ.’