ಗಹರ್ ಸರೋವರಕ್ಕೆ ಹೊರಟ ದಿನ

ಅಹ್ವಾಜ್ ಊರಿನಲ್ಲಿ ಆ ವಾರ ಬಿಸಿಲು ಐವತ್ತರ ಹತ್ತಿರ ಬಂದು ಕೂತುಬಿಟ್ಟಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು, ಬಾಗಿಲ ಹಿಡಿ ಮುಟ್ಟಿದರೆ ಬೊಬ್ಬೆ. ಹಾಗಾಗಿ ಗುರುವಾರ ಮಧ್ಯಾಹ್ನ ಫರಂಗೀಸಳ ಮನೆಯಲ್ಲಿ ಗಂಟುಮೂಟೆ ಕಟ್ಟುವ ಸಡಗರ ಮದುವೆಮನೆಗೆ ಕಡಿಮೆಯಿರಲಿಲ್ಲ. ಮೂರು ಬೇಸಿಗೆಯಿಂದ ಮುಂದೆ ಹೋಗುತ್ತಲೇ ಇದ್ದ ಗಹರ್ ಸರೋವರದ ಪ್ರವಾಸ ಕೊನೆಗೂ ಕೂಡಿಬಂದಿತ್ತು. ಸಂಜೆ ನಾಲ್ಕಕ್ಕೆ ಹೊರಟು ದೊರೂದ್ ತಲುಪಿ ಮಲಗುವುದು, ಬೆಳಗಾಗುತ್ತಲೇ ಹೇಸರಗತ್ತೆಯ ಮೇಲೆ ಸಾಮಾನು ಹೇರಿ ಬೆಟ್ಟದ ದಾರಿ ಹಿಡಿಯುವುದು. ನಾಲ್ಕೈದು ಗಂಟೆಯ ನಡಿಗೆ. ಆಮೇಲೆ ಮೂರು ದಿನ ಹಿಮ ಕರಗಿದ ನೀರು, ತಣ್ಣನೆ ಗಾಳಿ. ಫೋನೂ ಇಲ್ಲ, ರಸ್ತೆಯೂ ಇಲ್ಲ.

ಅತ್ತೆ ಮಾಹ್‌ತಾಜ್ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಚಿಕ್ಕಂದಿನಲ್ಲಿ ಕುರಿಮಂದೆಯ ಹಿಂದೆ ಬೆಟ್ಟ ಅಲೆದ ಬಖ್ತಿಯಾರಿ ಅಲೆಮಾರಿ ಕುಲದ ಮುದುಕಿ ಅವಳು. ಸೊಸೆ ಸಾಮಾನು ಕಟ್ಟುವುದನ್ನು ಕಂಡರೆ ಅವಳಿಗೆ ನಗು.

"ನಾವು ಎರಡು ಕತ್ತೆ ಮೇಲೆ ಇಡೀ ಸಂಸಾರ ಹೇರ್ಕೊಂಡು ಹೋಗ್ತಿದ್ವಿ. ನೀನು ಮೂರು ದಿನಕ್ಕೆ ಮೂರು ಸೂಟ್‌ಕೇಸ್ ತುಂಬ್ತೀಯಲ್ಲೇ, ಅಲ್ಲೇನು ಮದುವೆ ಇದ್ಯಾ?"

"ನಿಮ್ಮ ಮಗನ ಚಹಾ ಸಾಮಾನೇ ಒಂದು ಪೆಟ್ಟಿಗೆ, ಅತ್ತೆ. ಅವನನ್ನ ಕೇಳಿ."

"ಹೆಂಡ್ತಿನ ಬೇಕಾದ್ರೂ ಬಿಟ್ಟು ಹೋಗ್ತೀನಿ, ಕೆಟಲ್ ಮಾತ್ರ ಬಿಡಲ್ಲ," ಎಂದು ಅಂಗಳದಿಂದಲೇ ಕೂಗಿದ ಅರ್ದಶೀರ್. ತಾರಸಿಯ ಉಗ್ರಾಣದಿಂದ ಬೆಳಗ್ಗೆಯೇ ಇಳಿಸಿಟ್ಟಿದ್ದ ಗುಡಾರದ ಸುರುಳಿಯನ್ನು ಎತ್ತಿ ಕಾರಿನ ಮೇಲೆ ಕಟ್ಟಲು ಹೊರಟಿದ್ದ.

"ಒಂದ್ಸಲ ಬಿಡಿಸಿ ನೋಡು. ಎರಡು ವರ್ಷದಿಂದ ಮೂಲೇಲಿ ಬಿದ್ದಿತ್ತು, ಇಲಿ ಕಡಿದಿದ್ರೆ?" ಎನ್ನುತ್ತ ಫರಂಗೀಸ್ ಅಂಗಳಕ್ಕೆ ಬಂದಳು.

"ಅಲ್ಲಿ ಹೋಗಿ ನೋಡಿದ್ರಾಯ್ತು."

"ಅಲ್ಲಿ ತೂತು ಕಂಡ್ರೆ ನಿನ್ನ ಕೆಟಲ್ ಮುಚ್ಚಳ ಹೊದ್ಕೊಂಡು ಮಲಗ್ತೀಯಾ? ಬಿಡಿಸು."

ಗೊಣಗುತ್ತ ಹಗ್ಗ ಬಿಚ್ಚಿದ. ಮೂರನೆಯ ಮಡಿಕೆ ತೆರೆದಾಗ ಚೇಳೊಂದು ಸಿಮೆಂಟಿನ ಮೇಲೆ ಉದುರಿತು. ಒಣಹುಲ್ಲಿನ ಬಣ್ಣ, ಸಣಕಲು ಮೈ, ಮೈಗಿಂತ ಉದ್ದದ ತೆಳು ಬಾಲ. ಅರ್ದಶೀರ್ ಚಪ್ಪಲಿ ಕಳಚಿ ಒಂದೇ ಏಟು ಹಾಕಿದ.

"ಆಯ್ತು. ಒಬ್ಬ ಪ್ರಯಾಣಿಕ ಕಡಿಮೆ," ಎಂದು ನಕ್ಕ.

ಫರಂಗೀಸ್ ನಗಲಿಲ್ಲ. ಆ ಚೇಳನ್ನು ಅವಳು ಬಲ್ಲಳು. ಆ ಕಡೆಯ ಜನ ಅದನ್ನು ಗಾದೀಮ್ ಅನ್ನುತ್ತಾರೆ. ಬೇರೆ ಚೇಳು ಕುಟುಕಿದರೆ ಮನುಷ್ಯ ಬೊಬ್ಬೆ ಹೊಡೆಯುತ್ತಾನೆ. ಇದು ಪಿನ್ನು ಚುಚ್ಚಿದಷ್ಟೂ ನೋಯಿಸುವುದಿಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ರಾಮ್‌ಹೊರ್ಮೊಜ್‌ನ ತವರಿನಲ್ಲಿ ತಮ್ಮ ಬೆಹ್ಜಾದನನ್ನು ಇಂಥದೇ ಒಂದು ಕುಟುಕಿತ್ತು. ಅವತ್ತು ಸಂಜೆ ಅವನು ಗಾಳಿಪಟ ಹಾರಿಸಿದ್ದ. ಮರುದಿನ ಚೆನ್ನಾಗಿ ಊಟ ಮಾಡಿದ್ದ. ಮೂರನೆಯ ದಿನ ಅವನ ಮೂತ್ರ ಹೊತ್ತು ಮೀರಿ ಕುದಿಸಿದ ಚಹಾದ ಬಣ್ಣಕ್ಕೆ ತಿರುಗಿತು. ಐದನೆಯ ದಿನ ಮಣ್ಣು ಮಾಡಿದರು.

ಬೆಳಗ್ಗೆಯೆಲ್ಲ ಈ ಸುರುಳಿ ಅಂಗಳದಲ್ಲೇ ಬಿದ್ದಿತ್ತು. ಅದರ ಮೇಲೆ ಕುದುರೆ ಸವಾರಿ ಮಾಡುತ್ತ, ಮಡಿಕೆಯೊಳಗೆ ಕಾಲು ತೂರಿಸಿ ಆಡುತ್ತಿದ್ದವಳು ಏಳು ವರ್ಷದ ಮಗಳು ಗುಲ್ನಾರ್.

"ಗುಲ್ನಾರ್!" ಫರಂಗೀಸಳಿಗೆ ತನ್ನ ದನಿ ತನಗೇ ಅಪರಿಚಿತವೆನ್ನಿಸಿತು.

ಹುಡುಗಿ ಬೆನ್ನಿಗೆ ಚೀಲ ಏರಿಸಿ, ಸೊಂಟಕ್ಕೆ ಈಜುವ ರಬ್ಬರ್ ಬಳೆ ಸಿಕ್ಕಿಸಿಕೊಂಡು ಓಡಿಬಂದಳು. ಫರಂಗೀಸ್ ಅವಳನ್ನು ಹಿಡಿದು ಕೈ, ಕುತ್ತಿಗೆ, ಬೆನ್ನು, ಮೊಣಕಾಲು ಎಲ್ಲ ತಡವಿ ನೋಡಿದಳು. ಎಲ್ಲೂ ಏನೂ ಇಲ್ಲ.

"ಬೆಳಗ್ಗೆ ಆಡೋವಾಗ ಏನಾದ್ರೂ ಚುಚ್ಚಿತಾ ಪುಟ್ಟಿ?"

"ಇಲ್ಲ."

ಆ 'ಇಲ್ಲ' ತೀರಾ ಬೇಗ ಬಂತು. ಆಗಲೇ ಫರಂಗೀಸಳ ಕಣ್ಣು ಮಗಳ ಪಾದಕ್ಕೆ ಬಿತ್ತು. ಉಣ್ಣೆಯ ಕಾಲುಚೀಲ. ಚಳಿಗಾಲದಲ್ಲೂ ಬರಿಗಾಲಲ್ಲಿ ಓಡಾಡುವ ಹುಡುಗಿ!

"ಈ ಸೆಕೇಲಿ ಇದ್ಯಾಕೆ ಹಾಕ್ಕೊಂಡೆ?"

"ಅಲ್ಲಿ ಚಳಿ ಅಂತ ನೀನೇ ಹೇಳಿದ್ದಲ್ಲ," ಎನ್ನುತ್ತ ಗುಲ್ನಾರ್ ಎರಡು ಹೆಜ್ಜೆ ಹಿಂದೆ ಸರಿದಳು.

"ಮಗುನ ಸುಮ್ನೆ ಹೆದರಿಸ್ಬೇಡ ಫರಂಗೀಸ್," ಎಂದ ಅರ್ದಶೀರ್. "ಕುಟುಕಿದ್ರೆ ಇಡೀ ಬೀದಿಗೆ ಕೇಳೋ ಹಾಗೆ ಕಿರುಚ್ತಿದ್ಲು. ಗಂಟೆ ಮೂರಾಗ್ತಾ ಬಂತು, ಹೊರಡೋಣ."

"ಬೆಹ್ಜಾದ್‌ನೂ ಕಿರುಚಲಿಲ್ಲ."

ಮಗಳನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿದಳು. ಮಂಚದ ಮೇಲೆ ಕೂರಿಸಿ ಎದುರಿಗೆ ಮಂಡಿಯೂರಿದಳು.

"ಬೈಯಲ್ಲ ಕಣೇ. ಅಜ್ಜಿಗೂ ಹೇಳಲ್ಲ. ನಂಗೊಬ್ಬಳಿಗೆ ತೋರಿಸು."

ಗುಲ್ನಾರ್ ಕಾಲು ಮಡಚಿಕೊಂಡಳು. "ತೋರಿಸಿದ್ರೆ ನೀನು ಕೆರೆಗೆ ಹೋಗೋದು ನಿಲ್ಸ್ತೀಯ."

"ನಿಲ್ಸಲ್ಲ."

"ದೇವರಾಣೆ?"

ಫರಂಗೀಸ್ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. "ದೇವರಾಣೆ."

ಎಡಗಾಲಿನ ಚೀಲ ಇಳಿಯಿತು. ಹಿಮ್ಮಡಿಯ ಮೇಲುಗಡೆ ಒಂದು ಚುಕ್ಕೆ, ಸುತ್ತ ನಾಣ್ಯದಷ್ಟಗಲ ಕೆಂಪು, ಅದರ ನಡುವೆ ಬಿಳಿಚಿಕೊಂಡ ಚರ್ಮ.

"ಯಾವಾಗ?"

"ಮಧ್ಯಾಹ್ನದ ಬಾಂಗು ಕೂಗಿದಾಗ. ನೋವೇ ಇಲ್ಲ ಅಮ್ಮಾ, ನಿಜವಾಗ್ಲೂ."

ನೋವಿಲ್ಲವೆಂದರೆ ಅದು ಗಾದೀಮ್‌ನದೇ ಕುಟುಕು. ಎರಡು ಗಂಟೆ ಕಳೆದಿತ್ತು. ಫರಂಗೀಸ್ ಮಗಳನ್ನು ಹೊತ್ತು ಹೊರಗೋಡಿದಳು.

ಕಾರಿನಲ್ಲಿ ಕೂರಲು ಜಾಗವಿರಲಿಲ್ಲ. ಅರ್ದಶೀರ್ ಆ ಕಾಲನ್ನು ನೋಡಿದ. ಹಿಂದಿನ ಸೀಟಿನ ಸೂಟ್‌ಕೇಸು, ಹಾಸಿಗೆ, ಐಸ್ ಪೆಟ್ಟಿಗೆ ಎಲ್ಲವನ್ನೂ ಎಳೆದೆಳೆದು ಬೀದಿಗೆ ಎಸೆದ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಕಲ್ಲಂಗಡಿಯೊಂದು ಉರುಳಿ ಒಡೆಯಿತು. ಮಾಹ್‌ತಾಜ್ ಬರಿಗಾಲಲ್ಲೇ ಬಂದು ಮುಂದಿನ ಸೀಟಿನಲ್ಲಿ ಕೂತಳು.

ಕಾರೂನ್ ನದಿಯ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿದ್ದವು. ಅರ್ದಶೀರ್ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿದ್ದ ಗುಲ್ನಾರ್ ಕಿಟಕಿಯಾಚೆ ನೋಡಿದಳು.

"ಇದು ಕೆರೆಗೆ ಹೋಗೋ ದಾರಿ ಅಲ್ಲ. ಸುಳ್ಳು ಹೇಳ್ದೆ ನೀನು."

"ಹೂಂ ಕಂದಾ, ಹೇಳ್ದೆ."

ಹುಡುಗಿ ಅಳತೊಡಗಿದಳು. ಫರಂಗೀಸ್ ಅವಳ ಹಣೆ, ಕೆನ್ನೆ, ಉಗುರುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಉಗುರು ಬಿಳಿಚಿದೆಯೇ? ಕಣ್ಣು ಹಳದಿಯಾಗಿದೆಯೇ? ಹೌದೆನ್ನಿಸುತ್ತಿತ್ತು, ಮರುಗಳಿಗೆ ಅಲ್ಲವೆನ್ನಿಸುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ನೋಡಿ, "ಯಾವ ಚೇಳು ಅಂತ ಗೊತ್ತಾ?" ಎಂದಾಗ ಫರಂಗೀಸ್ ಗಾದೀಮ್ ಎಂದಷ್ಟೇ ಹೇಳಿದಳು. ಅದನ್ನು ತರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆಗ ಮಾಹ್‌ತಾಜ್ ತಲೆಯಿಂದ ಮೈತುಂಬ ಹೊದ್ದ ಚಾದರದ ಒಳಗಿಂದ ಖಾಲಿ ಜಾಮ್ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಚಪ್ಪಟೆಯಾಗಿದ್ದರೂ ಆ ಬಾಲ ಗುರುತು ಸಿಗುವಂತಿತ್ತು.

"ಸದ್ಯ, ಇವತ್ತೇ ಬಂದ್ರಿ," ಎಂದಳು ಡಾಕ್ಟರಮ್ಮ. "ತುಂಬಾ ಜನ ಮೂರನೇ ದಿನ ಬರ್ತಾರೆ."

"ಉಳೀತಾಳಾ?"

"ಔಷಧಿ ಕೊಡ್ತೀವಿ. ಮೂತ್ರದ ಬಣ್ಣ ನೋಡ್ತಾ ಇರಬೇಕು."

ವಿಷ ಇಳಿಸುವ ಔಷಧಿ ಹನಿಹನಿಯಾಗಿ ನರಕ್ಕೆ ಇಳಿಯಿತು. ಪ್ರತಿ ಸಲವೂ ನರ್ಸ್ ಮೂತ್ರದ ಪುಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುವಾಗ ಫರಂಗೀಸ್ ಎದ್ದು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು. ಎರಡು ಲೋಟ ತಿಳಿಯಾಗಿದ್ದವು. ಮರುದಿನ ಬೆಳಗ್ಗೆ ಮೂರನೆಯದು ಕೆಂಪಗಿತ್ತು.

ಅವಳು ಕಿರುಚಲಿಲ್ಲ. ಹಲ್ಲು ಕಟಕಟ ಕಡಿಯತೊಡಗಿತು, ಅಷ್ಟೆ. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ. ಮಾಹ್‌ತಾಜ್ ಅವಳ ದವಡೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಹೇಳಿದಳು, "ನಿನ್ನ ತಮ್ಮನ್ನ ಯಾರೂ ಇಲ್ಲಿಗೆ ತಂದಿರಲಿಲ್ಲ. ಇವಳನ್ನ ನೀನು ತಂದಿದ್ದೀಯ. ಕೇಳಿಸ್ತಾ? ತಂದಿದ್ದೀಯ."

ಅವತ್ತು ರಕ್ತ ಕೊಟ್ಟರು, ಮತ್ತೊಂದು ಸುತ್ತು ಔಷಧಿ ಕೊಟ್ಟರು. ಶನಿವಾರ ಬಣ್ಣ ಹಾಗೇ ಇತ್ತು. ಭಾನುವಾರ ತುಸು ತೆಳುವಾಯಿತು. ಮಂಗಳವಾರ ನರ್ಸ್ ಲೋಟ ಎತ್ತಿ ಹಿಡಿದು, ಫರಂಗೀಸಳ ಕಡೆ ತಿರುಗಿ ತಿಳಿಯಾಗಿದೆ ಎಂಬಂತೆ ತಲೆಯಾಡಿಸಿದಳು. ಮೂತ್ರಪಿಂಡ ಉಳಿದಿದೆ, ಕಾಲಿನ ಗಾಯ ಕಪ್ಪಾಗಿ ಕಲೆ ನಿಲ್ಲುತ್ತದೆ, ಜೀವಕ್ಕೆ ಭಯವಿಲ್ಲ ಎಂದಳು ಡಾಕ್ಟರಮ್ಮ.

ಅರ್ದಶೀರ್ ಮೊಗಸಾಲೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದು ಗುರುತೇ ಸಿಗದಂತಾಗಿದ್ದ. ಸುದ್ದಿ ಕೇಳಿ ಮುಖ ಮುಚ್ಚಿಕೊಂಡ.

"ನನ್ನ ಮಾತು ನಡೆದಿದ್ರೆ..." ಎಂದವನು ಮುಂದೆ ಹೇಳಲಾರದೆ ನಿಲ್ಲಿಸಿದ.

ಫರಂಗೀಸ್ ಅವನನ್ನು ಸಂತೈಸಲಿಲ್ಲ. ಆರು ದಿನದಿಂದ ಅವಳೂ ಮನಸ್ಸಿನಲ್ಲಿ ಆ ವಾಕ್ಯವನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು. ಅವನ ಪಕ್ಕದಲ್ಲಿ ಕೂತು, ಚಾದರದ ಅಂಚನ್ನು ಬಾಯಿಗೆ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು.